ಮಾರ್ದನಿ ಪೆಟ್ಟಿಗೆಯ ಜ್ಯಾಕುಗಳು: ಗಿಟಾರಿನ ಡಿಲೇ ಪೆಡಲನ್ನು ಜೋಡಿಸುವ ಬಗೆ

ವಿದ್ಯುತ್ ಗಿಟಾರಿನಿಂದ ಹೊರಟ ನಾದವನ್ನು ಹಿಡಿದಿಟ್ಟುಕೊಂಡು, ಅರೆ ಕ್ಷಣದ ನಂತರ ಅದನ್ನೇ ಒಂದು ಸಲವೋ ಹಲವು ಸಲವೋ ಮತ್ತೆ ಕೇಳಿಸುವ, ಕಾಲಿನಿಂದ ಒತ್ತಿ ನಡೆಸುವ ಚಿಕ್ಕ ಲೋಹದ ಪೆಟ್ಟಿಗೆಗೆ ಡಿಲೇ ಪೆಡಲ್ ಎಂದು ಹೆಸರು. ಅದರ ಮೇಲ್ಮೈಯಲ್ಲಿರುವ ಮುಖ್ಯ ಗುಂಡಿಗಳು ಮೂರು: ಮಾರ್ದನಿ ಎಷ್ಟು ಹೊತ್ತಿನ ನಂತರ ಬರಬೇಕೆಂಬುದನ್ನು ಮೊದಲನೆಯದು, ಎಷ್ಟು ಸಲ ಮರುಕಳಿಸಬೇಕೆಂಬುದನ್ನು ಎರಡನೆಯದು, ಮೂಲ ಧ್ವನಿಯ ಜೊತೆಗೆ ಎಷ್ಟು ಜೋರಾಗಿ ಕೇಳಬೇಕೆಂಬುದನ್ನು ಮೂರನೆಯದು ನಿರ್ಧರಿಸುತ್ತದೆ. ಮರುಕಳಿಕೆಯನ್ನು ಹತೋಟಿಯಲ್ಲಿಡುವ ಗುಂಡಿಗೆ ಫೀಡ್‌ಬ್ಯಾಕ್ ಎನ್ನುತ್ತಾರೆ, ಏಕೆಂದರೆ ಹೊರಬಂದ ಮಾರ್ದನಿಯ ಒಂದಂಶವನ್ನು ಅದು ಮತ್ತೆ ಒಳಕ್ಕೆ ಊಡುತ್ತದೆ. ಈ ಗುಂಡಿಗಳನ್ನು ಕುರಿತು ವಾದಕರು ಬಹಳ ಚರ್ಚಿಸುತ್ತಾರೆ. ಪೆಟ್ಟಿಗೆಯ ಬದಿಗಳಲ್ಲಿರುವ ಜ್ಯಾಕುಗಳನ್ನು, ಎಂದರೆ ಕೇಬಲಿನ ಪ್ಲಗ್ ಹೋಗಿ ಕೂರುವ ರಂಧ್ರಗಳನ್ನು ಕುರಿತು ಅಷ್ಟು ಚರ್ಚಿಸುವುದಿಲ್ಲ. ಆದರೆ ಹೊಸದಾಗಿ ಪೆಡಲ್ ಕೊಂಡವರಿಗೆ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು, ಮಾರ್ದನಿಯೇ ಕೇಳದಿರುವುದು, ಗುಂಯ್‌ಗುಡುವಿಕೆ, ಕಾಲಿನ ಒತ್ತಿಗೆ ಪೆಡಲ್ ತಪ್ಪಾಗಿ ಓಗೊಡುವುದು ಮೊದಲಾದವು, ಈ ರಂಧ್ರಗಳಲ್ಲಿಯೇ ಹುಟ್ಟುತ್ತವೆ.

ಇದಕ್ಕೆ ಕಾರಣ ಸರಳವಾದುದು. ಗಿಟಾರಿನ ಧ್ವನಿ ಒಳಬರುವ ಇನ್‌ಪುಟ್, ಸಂಸ್ಕರಿಸಿದ ಧ್ವನಿ ಹೊರಹೋಗುವ ಔಟ್‌ಪುಟ್, ಕಾಲಿನ ಆಜ್ಞೆಯನ್ನು ತರುವ ಕಂಟ್ರೋಲ್ ಜ್ಯಾಕ್, ಈ ಮೂರೂ ನೋಡುವುದಕ್ಕೆ ಒಂದೇ ಬಗೆಯವು, ಒಂದೇ ಅಳತೆಯವು. ಕಾಲು ಅಂಗುಲ, ಅಂದರೆ 6.35 ಮಿಲಿಮೀಟರ್ ವ್ಯಾಸದ ಈ ಪ್ಲಗ್ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳ ಸ್ವಿಚ್‌ಬೋರ್ಡುಗಳಿಗಾಗಿ ರೂಪುಗೊಂಡದ್ದು. ಒಂದು ಕರೆಯನ್ನು ಇನ್ನೊಂದಕ್ಕೆ ಜೋಡಿಸಲು ನಿರ್ವಾಹಕಿಯರು ದಿನವಿಡೀ ಚುಚ್ಚಿ ತೆಗೆಯುತ್ತಿದ್ದ ಅದೇ ಪ್ಲಗ್ಗು ಮುಂದೆ ಗಿಟಾರಿಗೂ ಆಂಪ್ಲಿಫೈಯರಿಗೂ ಬಂದು ನೆಲೆಸಿತು. ಗಟ್ಟಿಮುಟ್ಟಾದ ಆ ಪ್ಲಗ್ಗನ್ನು ಸಂಗೀತದ ಉಪಕರಣಗಳು ಎಲ್ಲ ಕೆಲಸಕ್ಕೂ ಬಳಸಿಕೊಂಡದ್ದರಿಂದ, ಯಾವ ಕೇಬಲಿನಲ್ಲಿ ಏನು ಹರಿಯುತ್ತಿದೆ ಎಂಬುದನ್ನು ಆಕಾರ ನೋಡಿ ತಿಳಿಯುವುದು ಅಸಾಧ್ಯವಾಗಿದೆ. ಪೆಡಲ್ ಜೋಡಿಸುವವರು ಪ್ರತಿ ಜ್ಯಾಕಿನ ಮುಂದೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಹರಿಯುವುದು ಧ್ವನಿಯೋ, ಆಜ್ಞೆಯೋ, ಶಕ್ತಿಯೋ?

ಮಾರ್ದನಿಯನ್ನು ಯಂತ್ರದಿಂದ ಪಡೆಯುವ ಪ್ರಯತ್ನ ಆರಂಭವಾದದ್ದು ಟೇಪಿನಿಂದ. ಧ್ವನಿಯನ್ನು ಓಡುವ ಕಾಂತೀಯ ಟೇಪಿನ ಮೇಲೆ ಮುದ್ರಿಸಿ, ಸ್ವಲ್ಪ ದೂರದಲ್ಲಿ ಇರಿಸಿದ ಮತ್ತೊಂದು ಹೆಡ್ಡಿನಿಂದ ಅದನ್ನು ಓದಿದರೆ, ಟೇಪು ಆ ದೂರವನ್ನು ಕ್ರಮಿಸುವಷ್ಟು ಕಾಲ ಧ್ವನಿ ತಡವಾಗುತ್ತದೆ. ಅಮೆರಿಕದ ಎಕೋಪ್ಲೆಕ್ಸ್, 1974ರಲ್ಲಿ ಬಂದ ಜಪಾನಿನ ರೋಲಂಡ್ ಸ್ಪೇಸ್ ಎಕೋ ಆರ್‌ಇ-201 ಮೊದಲಾದ ಯಂತ್ರಗಳು ನಡೆದದ್ದು ಈ ತತ್ತ್ವದ ಮೇಲೆ. ಆದರೆ ಅವು ಕಾಲ ಬಳಿ ಇಡುವಂಥವಲ್ಲ, ಮೇಜಿನ ಮೇಲೆ ಇಡುವಂಥವು. 1969ರಲ್ಲಿ ಫಿಲಿಪ್ಸ್ ಸಂಶೋಧನಾಲಯದ ಸ್ಯಾಂಗ್‌ಸ್ಟರ್ ಮತ್ತು ಟೀರ್ ಎಂಬ ಇಬ್ಬರು ರೂಪಿಸಿದ ಬಕೆಟ್ ಬ್ರಿಗೇಡ್ ಎಂಬ ಅರೆವಾಹಕ ಸಾಧನ ಈ ಗಾತ್ರವನ್ನು ಕುಗ್ಗಿಸಿತು. ಬೆಂಕಿ ಆರಿಸಲು ಸಾಲಾಗಿ ನಿಂತವರು ನೀರಿನ ಬಕೆಟನ್ನು ಕೈಯಿಂದ ಕೈಗೆ ದಾಟಿಸುವಂತೆ, ಅದರೊಳಗಿನ ಸಾವಿರಾರು ಪುಟ್ಟ ಧಾರಕಗಳು ಧ್ವನಿಯ ವಿದ್ಯುದಂಶವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಸಾಗುತ್ತವೆ; ಸಾಲಿನ ತುದಿ ಮುಟ್ಟುವಷ್ಟರಲ್ಲಿ ಆಗುವ ವಿಳಂಬವೇ ಮಾರ್ದನಿ. 1983ರಲ್ಲಿ ಬಾಸ್ ಸಂಸ್ಥೆಯ ಡಿಡಿ-2 ಬಂದಾಗ ಅಂಕೀಯ ಡಿಲೇ ಮೊದಲ ಬಾರಿಗೆ ಅಂಗೈಯಗಲದ ಪೆಡಲಿನೊಳಗೆ ಸೇರಿತು, ಅದರ ಗರಿಷ್ಠ ವಿಳಂಬ 800 ಮಿಲಿಸೆಕೆಂಡ್. ಅದೇ ವಂಶದಲ್ಲಿ 2008ರಲ್ಲಿ ಬಂದ ಡಿಡಿ-7 ಪೆಡಲಿಗೆ 6.4 ಸೆಕೆಂಡಿನವರೆಗೆ ಧ್ವನಿಯನ್ನು ತಡೆಹಿಡಿಯುವ ಶಕ್ತಿಯಿತ್ತು. ಅದರ ಜೊತೆಗೆ ಎರಡು ಇನ್‌ಪುಟ್, ಎರಡು ಔಟ್‌ಪುಟ್, ಕಾಲಿನ ಸಾಧನಕ್ಕಾಗಿ ಮತ್ತೊಂದು ಜ್ಯಾಕ್ ಹೀಗೆ ಐದು ರಂಧ್ರಗಳೂ ಬಂದವು. ಮೂಲತಃ ಒಂದು ಒಳದಾರಿ, ಒಂದು ಹೊರದಾರಿ ಇದ್ದ ಸಾಧನ ಹೀಗೆ ಐದು ದಾರಿಗಳ ಕೂಡುಸ್ಥಳವಾದದ್ದರಿಂದ, ಈ ಬರಹದಲ್ಲಿ ಡಿಡಿ-7ನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳುವುದು ಅನುಕೂಲ.

ಮೊದಲು ಇನ್‌ಪುಟ್. ಗಿಟಾರಿನ ತಂತಿಗಳ ಕೆಳಗಿರುವ ಪಿಕಪ್, ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಮಾಡಿದ ಸುರುಳಿ. ಅದು ಹುಟ್ಟಿಸುವ ಸಂಕೇತ ದುರ್ಬಲವಾದುದು, ಹೆಚ್ಚು ಹೊರೆಯನ್ನು ಹೊರಲಾರದು. ಮುಂದಿನ ಸಾಧನ ಆ ಸಂಕೇತದ ಮೇಲೆ ಎಷ್ಟು ಹೊರೆ ಹೊರಿಸುತ್ತದೆ ಎಂಬುದನ್ನು ಇಂಪೀಡೆನ್ಸ್ ಎಂಬ ಅಳತೆ ತಿಳಿಸುತ್ತದೆ. ಆ ಅಳತೆ ಹೆಚ್ಚಿದ್ದಷ್ಟೂ ಹೊರೆ ಕಡಿಮೆ. ಗಿಟಾರ್ ಪೆಡಲುಗಳ ಇನ್‌ಪುಟ್ ಸಾಮಾನ್ಯವಾಗಿ 10 ಲಕ್ಷ ಓಮ್, ಅಂದರೆ ಒಂದು ಮೆಗಾಓಮ್ ಆಸುಪಾಸಿನಲ್ಲಿ ಇರುವುದು ಇದಕ್ಕಾಗಿಯೇ. ಕೇಬಲಿನ ಉದ್ದವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಪ್ರತಿ ಮೀಟರ್ ಕೇಬಲಿನಲ್ಲಿ ಸುಮಾರು 100 ಪಿಕೋಫ್ಯಾರಡ್‌ನಷ್ಟು ಧಾರಣಶಕ್ತಿ ಅಡಗಿದ್ದು, ಉದ್ದ ಹೆಚ್ಚಿದಷ್ಟೂ ಅದು ನಾದದ ತಾರ ಅಂಶಗಳನ್ನು ನುಂಗುತ್ತ ಹೋಗುತ್ತದೆ. ಗಿಟಾರಿನಿಂದ ಮೊದಲ ಪೆಡಲಿನವರೆಗಿನ ಕೇಬಲ್ ಅಗತ್ಯಕ್ಕಿಂತ ಉದ್ದ ಇರಬಾರದು ಎಂಬ ಮಾತಿಗೆ ಇದು ಆಧಾರ. ಪೆಡಲಿನಿಂದ ಹೊರಬಂದ ಸಂಕೇತಕ್ಕೆ ಬಲ ಹೆಚ್ಚು. ಪೆಡಲಿನೊಳಗಿನ ಬಫರ್ ಎಂಬ ಮಂಡಲ ಅದಕ್ಕೆ ದೂರ ಸಾಗುವ ಶಕ್ತಿ ಕೊಟ್ಟಿರುತ್ತದೆ.

ವೀಣೆ, ಪಿಟೀಲುಗಳಿಗೆ ಪೀಜೋ ಪಿಕಪ್ ಅಂಟಿಸಿ ಕಛೇರಿ ಮಾಡುವ ಕಲಾವಿದರು ನಮ್ಮಲ್ಲಿಯೂ ಇದ್ದಾರೆ. ಅವರಲ್ಲಿ ಯಾರಾದರೂ ಡಿಲೇ ಬಳಸುವುದಾದರೆ ಈ ಇಂಪೀಡೆನ್ಸ್ ವಿಚಾರ ಅವರಿಗೆ ಗಿಟಾರ್ ವಾದಕರಿಗಿಂತಲೂ ಮುಖ್ಯ. ಒತ್ತಡದಿಂದ ವಿದ್ಯುತ್ ಹುಟ್ಟಿಸುವ ಪೀಜೋ ಹರಳು ಗಿಟಾರ್ ಸುರುಳಿಗಿಂತಲೂ ಮೃದು ಸ್ವಭಾವದ್ದು, ಕಡಿಮೆ ಇಂಪೀಡೆನ್ಸಿನ ಇನ್‌ಪುಟ್ಟಿಗೆ ಅದನ್ನು ನೇರವಾಗಿ ಜೋಡಿಸಿದರೆ ಮಂದ್ರದ ತುಂಬುತನ ಕಳೆದುಹೋಗಿ ನಾದ ತಗಡಿನಂತಾಗುತ್ತದೆ. ಮಧ್ಯೆ ಪ್ರೀಆಂಪ್, ಎಂದರೆ ದುರ್ಬಲ ಸಂಕೇತಕ್ಕೆ ಮೊದಲೇ ಬಲ ತುಂಬುವ ಸಾಧನ, ಒಂದನ್ನು ಇಟ್ಟು ಅಲ್ಲಿಂದ ಡಿಲೇ ಪೆಡಲಿಗೆ ಹೋಗುವುದು ಸರಿಯಾದ ದಾರಿ.

ಇನ್‌ಪುಟ್ ಜ್ಯಾಕಿಗೆ ಇನ್ನೊಂದು ಗುಪ್ತ ಕೆಲಸವಿದೆ. ಬ್ಯಾಟರಿಯಿಂದ ನಡೆಯುವ ಬಹುತೇಕ ಪೆಡಲುಗಳಿಗೆ ಪ್ರತ್ಯೇಕ ವಿದ್ಯುತ್ ಸ್ವಿಚ್ಚು ಇಲ್ಲ. ಇನ್‌ಪುಟ್ಟಿಗೆ ಪ್ಲಗ್ ಚುಚ್ಚಿದಾಗ ಅದರ ಲೋಹದ ದೇಹವೇ ಬ್ಯಾಟರಿಯ ಋಣ ತುದಿಯನ್ನು ಮಂಡಲಕ್ಕೆ ಜೋಡಿಸಿಬಿಡುತ್ತದೆ. ಆದ್ದರಿಂದ ಬಾರಿಸುವುದು ಮುಗಿದ ಮೇಲೂ ಪ್ಲಗ್ಗನ್ನು ಅಲ್ಲಿಯೇ ಬಿಟ್ಟರೆ, ಪೆಡಲಿನ ದೀಪ ಆರಿದ್ದರೂ ಬ್ಯಾಟರಿ ಸದ್ದಿಲ್ಲದೆ ಬರಿದಾಗುತ್ತಿರುತ್ತದೆ. ಅಂಕೀಯ ಡಿಲೇಗಳು ಬ್ಯಾಟರಿಯನ್ನು ಬೇಗ ಮುಗಿಸುವಂಥವಾದ್ದರಿಂದ ಇದನ್ನು ಮರೆಯುವಂತಿಲ್ಲ.

ಎರಡು ಇನ್‌ಪುಟ್ ಇರುವ ಪೆಡಲಿನಲ್ಲಿ ಒಂದೇ ಗಿಟಾರನ್ನು ಎಲ್ಲಿಗೆ ಜೋಡಿಸಬೇಕು? ಜ್ಯಾಕಿನ ಪಕ್ಕದಲ್ಲಿ ಮೋನೋ ಎಂದು ಬರೆದಿರುವ ಕಡೆಗೆ. ಮೋನೋ ಎಂದರೆ ಒಂದೇ ವಾಹಿನಿಯ ಧ್ವನಿ, ಸ್ಟೀರಿಯೋ ಎಂದರೆ ಎಡ ಬಲ ಎಂದು ಬೇರ್ಪಟ್ಟ ಎರಡು ವಾಹಿನಿ. ಡಿಡಿ-7ರಲ್ಲಿ ಎ ಎಂಬ ಇನ್‌ಪುಟ್ ಮೋನೋ ಸಂಪರ್ಕಕ್ಕೆ. ಬಿ ಖಾಲಿ ಇದ್ದಾಗ ಎ ಜ್ಯಾಕಿನ ಧ್ವನಿಯೇ ಎರಡೂ ಕಡೆಗೆ ಹಂಚಿಕೆಯಾಗುತ್ತದೆ. ಜ್ಯಾಕಿನೊಳಗಿನ ಸ್ಪ್ರಿಂಗ್ ತಗಡು ಪ್ಲಗ್ ಇಲ್ಲದಾಗ ಒಂದು ಸಂಪರ್ಕವನ್ನು ಮುಚ್ಚಿರುತ್ತದೆ, ಪ್ಲಗ್ ಬಂದೊಡನೆ ತೆರೆಯುತ್ತದೆ. ಹೀಗೆ ಜ್ಯಾಕೇ ಒಂದು ಸ್ವಿಚ್ಚಾಗಿ, ಏನೆಲ್ಲ ಜೋಡಣೆಯಾಗಿದೆ ಎಂಬುದನ್ನು ಪೆಡಲಿಗೆ ತಿಳಿಸುತ್ತದೆ. ಔಟ್‌ಪುಟ್ಟಿನಲ್ಲಿಯೂ ಇದೇ ವ್ಯವಸ್ಥೆ: ಎ ಒಂದಕ್ಕೇ ಕೇಬಲ್ ಹಾಕಿದರೆ ಎಡ ಬಲ ಎರಡೂ ಬೆರೆತ ಪೂರ್ಣ ಧ್ವನಿ, ಎರಡಕ್ಕೂ ಹಾಕಿದರೆ ಬೇರ್ಪಟ್ಟ ಧ್ವನಿ. ಉಪಯೋಗದಲ್ಲಿಲ್ಲದ ಕೇಬಲನ್ನು ಬಿ ಜ್ಯಾಕಿನಲ್ಲಿ ನೇತುಬಿಟ್ಟವರು, ಪೆಡಲ್ ಕೆಟ್ಟಿದೆ, ಮಾರ್ದನಿ ಅರ್ಧವೇ ಕೇಳುತ್ತಿದೆ ಎಂದು ಭಾವಿಸುವುದುಂಟು. ವಾಸ್ತವದಲ್ಲಿ ಇನ್ನರ್ಧ ಆ ಕೇಬಲಿನ ಖಾಲಿ ತುದಿಯಲ್ಲಿ ಉಳಿದಿರುತ್ತದೆ.

ಸ್ಟೀರಿಯೋ ಜೋಡಣೆಯ ಸೊಗಸು ಗೊತ್ತಾಗುವುದು ಎರಡು ಆಂಪುಗಳನ್ನು ಕೆಲವು ಅಡಿ ದೂರದಲ್ಲಿ ಇರಿಸಿದಾಗ. ಪಿಂಗ್‌ಪಾಂಗ್ ಎಂಬ ವಿಧಾನದಲ್ಲಿ ಮೊದಲ ಮಾರ್ದನಿ ಎಡಗಡೆಯಿಂದಲೂ ಮುಂದಿನದು ಬಲಗಡೆಯಿಂದಲೂ ಬರುತ್ತ, ಒಬ್ಬನೇ ವಾದಕ ನುಡಿಸಿದ ಸ್ವರ ವೇದಿಕೆಯ ಅಗಲವನ್ನೆಲ್ಲ ತುಂಬುತ್ತದೆ. ಕೆಲವು ಪೆಡಲುಗಳಲ್ಲಿ, ಬಾಸ್ ಸಂಸ್ಥೆಯದೇ ಡಿಡಿ-3ರಲ್ಲಿರುವಂತೆ, ಎರಡನೆಯ ಔಟ್‌ಪುಟ್ ಸ್ಟೀರಿಯೋಗಾಗಿ ಅಲ್ಲದೆ ಮೂಲ ಧ್ವನಿಯನ್ನಷ್ಟೇ ಹೊರಬಿಡುವ ಡೈರೆಕ್ಟ್ ಔಟ್ ಆಗಿರುತ್ತದೆ. ಮೂಲ ಧ್ವನಿ ಒಂದು ಆಂಪಿನಿಂದ, ಮಾರ್ದನಿ ಮತ್ತೊಂದರಿಂದ ಬಂದಾಗ ಎಷ್ಟೇ ಮಾರ್ದನಿ ಬೆರೆಸಿದರೂ ನುಡಿಸುವ ಸ್ವರದ ಸ್ಪಷ್ಟತೆ ಕೆಡುವುದಿಲ್ಲ. ಪುಟ್ಟ ಕೋಣೆಯಲ್ಲಿ ಅಭ್ಯಾಸ ಮಾಡುವವರಿಗೆ ಇದೆಲ್ಲ ಬೇಕಿಲ್ಲ, ಎ ಯಿಂದ ಎ ಗೆ ಹೋಗುವ ಒಂದೇ ದಾರಿ ಸಾಕು.

ಪೆಡಲುಗಳ ಸಾಲಿನಲ್ಲಿ ಡಿಲೇಗೆ ಯಾವ ಸ್ಥಾನ ಎಂಬುದು ಜೋಡಣೆಯ ಮತ್ತೊಂದು ಮುಖ್ಯ ಪ್ರಶ್ನೆ. ನಾದವನ್ನು ಬೇಕೆಂದೇ ಒಡೆದು ಒರಟುಗೊಳಿಸುವ ಡಿಸ್ಟಾರ್ಷನ್ ಪೆಡಲ್ ಜೊತೆಗಿದ್ದರೆ ಡಿಲೇ ಅದರ ನಂತರ ಬರಬೇಕು ಎಂಬ ರೂಢಿಗೆ ಸರಿಯಾದ ಕಾರಣವಿದೆ. ಡಿಸ್ಟಾರ್ಷನ್ ಮಂಡಲ ಮೆಲ್ಲನೆಯ ಧ್ವನಿಯನ್ನೂ ಜೋರಿನ ಧ್ವನಿಯನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರುತ್ತದೆ. ಆದ್ದರಿಂದ ಡಿಲೇಯ ನಂತರ ಅದನ್ನು ಇಟ್ಟರೆ, ಕ್ರಮೇಣ ಕ್ಷೀಣಿಸಬೇಕಾದ ಮಾರ್ದನಿಗಳೆಲ್ಲ ಮೂಲ ಸ್ವರದಷ್ಟೇ ಜೋರಾಗಿ ಎದ್ದು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಡಿಸ್ಟಾರ್ಷನ್ ಮೊದಲಿದ್ದರೆ ಒಡೆದ ನಾದವೇ ಮಾರ್ದನಿಸಿ, ಒಂದೊಂದೂ ಹಿಂದಿನದಕ್ಕಿಂತ ಮೆಲ್ಲಗಾಗುತ್ತ ಅಡಗುತ್ತದೆ. ಡಿಸ್ಟಾರ್ಷನ್ ಆಂಪಿನೊಳಗೇ ಹುಟ್ಟುವುದಾದರೆ ಆಂಪಿನ ಹಿಂಬದಿಯಲ್ಲಿರುವ ಎಫೆಕ್ಟ್ಸ್ ಲೂಪನ್ನು ಬಳಸಬೇಕಾಗುತ್ತದೆ. ಅಲ್ಲಿ ಸೆಂಡ್ ಮತ್ತು ರಿಟರ್ನ್ ಎಂಬ ಎರಡು ಜ್ಯಾಕುಗಳಿರುತ್ತವೆ: ಆಂಪಿನ ಮೊದಲ ಹಂತವನ್ನು ದಾಟಿದ ಧ್ವನಿ ಸೆಂಡ್ ಮೂಲಕ ಹೊರಬಂದು ಡಿಲೇಯ ಇನ್‌ಪುಟ್ ಸೇರಿ, ಡಿಲೇಯ ಔಟ್‌ಪುಟ್ಟಿನಿಂದ ರಿಟರ್ನ್ ಮೂಲಕ ಆಂಪಿನ ಎರಡನೆಯ ಹಂತಕ್ಕೆ ಮರಳುತ್ತದೆ. ಕೆಲವು ಲೂಪುಗಳ ಮಟ್ಟ ಗಿಟಾರಿನ ಮಟ್ಟಕ್ಕಿಂತ ಬಹಳ ಹೆಚ್ಚಿದ್ದು ಪೆಡಲಿನ ಇನ್‌ಪುಟ್ ತಾಳಲಾರದೆ ಕರ್ಕಶಗೊಳ್ಳುತ್ತದೆ, ಆಗ ಆಂಪಿನಲ್ಲಿ ಮಟ್ಟ ತಗ್ಗಿಸುವ ಸ್ವಿಚ್ಚು ಇದೆಯೇ ಎಂದು ನೋಡಬೇಕು.

ಆಂಪಿನ ಹಿಂಬದಿಯಲ್ಲಿ ಕೈಯಿಡುವಾಗ ಎಚ್ಚರ ಬೇಕು. ಸ್ಪೀಕರ್ ಔಟ್ ಎಂಬ ಜ್ಯಾಕೂ ಅಲ್ಲಿರುತ್ತದೆ, ಅದೂ ಇದೇ 6.35 ಮಿಲಿಮೀಟರ್ ಅಳತೆಯದೇ. ಗಿಟಾರಿನ ಸಂಕೇತ ವೋಲ್ಟಿನ ಒಂದಂಶದಷ್ಟಿದ್ದರೆ, ಸ್ಪೀಕರ್ ಔಟ್‌ನಲ್ಲಿ ಹರಿಯುವುದು ಹತ್ತಾರು ವಾಟ್ ಶಕ್ತಿ. ಅದನ್ನು ಪೆಡಲಿನ ಇನ್‌ಪುಟ್ಟಿಗೆ ಕೊಟ್ಟರೆ ಪೆಡಲ್ ಸುಟ್ಟುಹೋಗಬಹುದು; ವಾಲ್ವ್ ಆಂಪ್ ಆಗಿದ್ದರೆ ಸ್ಪೀಕರಿನ ಹೊರೆ ಇಲ್ಲದ ಕಾರಣ ಅದರ ಟ್ರಾನ್ಸ್‌ಫಾರ್ಮರಿಗೂ ಅಪಾಯ.

ಈಗ ಕಾಲಿನ ಸಾಧನಗಳು. ಗಿಟಾರ್ ವಾದಕನ ಎರಡೂ ಕೈಗಳು ಸದಾ ವಾದ್ಯದ ಮೇಲೆಯೇ ಇರುತ್ತವೆ. ಮಾರ್ದನಿಯೋ ಹಾಡಿನ ಲಯಕ್ಕೆ ಕೂಡಬೇಕಾದುದು. ಲಯಕ್ಕೆ ಕೂಡದ ಮಾರ್ದನಿ ತಪ್ಪು ತಾಳ ಹಾಕುವ ಇನ್ನೊಬ್ಬ ಕಲಾವಿದನನ್ನು ಪಕ್ಕದಲ್ಲಿ ಕೂರಿಸಿದಷ್ಟೇ ತೊಂದರೆ ಕೊಡುತ್ತದೆ. ಒಂದು ನಿಮಿಷಕ್ಕೆ 60,000 ಮಿಲಿಸೆಕೆಂಡ್. ಆದ್ದರಿಂದ ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಒಂದು ಬೀಟಿನ ಅವಧಿ 500 ಮಿಲಿಸೆಕೆಂಡ್. ಬೀಟನ್ನು ಚತುರಶ್ರ ಗತಿಯಲ್ಲಿ ನಾಲ್ಕಾಗಿ ಒಡೆದು ಮೂರು ಭಾಗಗಳ ನಂತರ ಮಾರ್ದನಿ ಬರುವಂತೆ ಮಾಡಿದರೆ ವಿಳಂಬ 375 ಮಿಲಿಸೆಕೆಂಡ್ ಆಗುತ್ತದೆ. ಪಾಶ್ಚಾತ್ಯ ಸಂಗೀತದವರು ಡಾಟೆಡ್ ಎಯ್ಟ್ತ್ ಎನ್ನುವ ಈ ಅಂತರದಲ್ಲಿ ನುಡಿಸಿದ ಸ್ವರಗಳ ನಡುವಿನ ಖಾಲಿ ಜಾಗಗಳಲ್ಲಿ ಮಾರ್ದನಿಗಳು ಬಂದು ಕೂರುವುದರಿಂದ, ಸರಳ ನಡೆಯೂ ದಟ್ಟವಾದ ಹೆಣಿಗೆಯಾಗಿ ಕೇಳುತ್ತದೆ. ಐರ್ಲೆಂಡಿನ ಯು2 ತಂಡದ ಗಿಟಾರ್ ವಾದಕ ದಿ ಎಡ್ಜ್ ತನ್ನ ಶೈಲಿಯನ್ನೇ ಈ ಅಂತರದ ಮೇಲೆ ಕಟ್ಟಿಕೊಂಡ; 1987ರ ದಿ ಜೋಶುವಾ ಟ್ರೀ ಆಲ್ಬಮ್ಮಿನ ಮೊದಲ ಹಾಡಿನ ಆರಂಭವನ್ನು ಕೇಳಿದವರಿಗೆ ಇದು ತಕ್ಷಣ ತಿಳಿಯುತ್ತದೆ.

ವೇದಿಕೆಯ ಮೇಲೆ ಮಿಲಿಸೆಕೆಂಡುಗಳ ಲೆಕ್ಕ ಹಾಕುತ್ತ ಗುಂಡಿ ತಿರುಗಿಸಲಾಗದು. ಅದಕ್ಕಾಗಿ ಬಂದದ್ದು ಟ್ಯಾಪ್ ಟೆಂಪೋ: ಕಾಲಿನಿಂದ ಒಂದು ಸ್ವಿಚ್ಚನ್ನು ಲಯಕ್ಕೆ ಸರಿಯಾಗಿ ಎರಡು ಮೂರು ಸಲ ತಟ್ಟಿದರೆ ತಟ್ಟುಗಳ ನಡುವಿನ ಅಂತರವನ್ನು ಪೆಡಲ್ ಅಳೆದು ವಿಳಂಬವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಡಿಡಿ-7ರಲ್ಲಿ ಪೆಡಲನ್ನೇ ಸುಮಾರು ಎರಡು ಸೆಕೆಂಡು ಒತ್ತಿಹಿಡಿದು ಈ ಸ್ಥಿತಿಗೆ ಹೋಗಬಹುದಾದರೂ, ಆ ಹೊತ್ತಿನಲ್ಲಿ ಅದೇ ಪೆಡಲಿನಿಂದ ಮಾರ್ದನಿಯನ್ನು ನಿಲ್ಲಿಸಿ ಹಚ್ಚುವ ಕೆಲಸ ಆಗುವುದಿಲ್ಲ. ಟೆಂಪೋ ಎಂದು ಗುರುತಿಸಿದ ಜ್ಯಾಕಿಗೆ ಹೊರಗಿನ ಫುಟ್‌ಸ್ವಿಚ್ಚನ್ನು ಜೋಡಿಸುವುದರ ಲಾಭ ಇದು: ಲಯ ಹೇಳುವುದಕ್ಕೆ ಒಂದು ಸ್ವಿಚ್ಚು, ಮಾರ್ದನಿ ಬೇಕು ಬೇಡ ಎನ್ನುವುದಕ್ಕೆ ಇನ್ನೊಂದು.

ಫುಟ್‌ಸ್ವಿಚ್ಚು ಆಯ್ಕೆಮಾಡುವಾಗ ಎರಡು ಗುಣಗಳನ್ನು ನೋಡಬೇಕು. ಒತ್ತಿದಷ್ಟು ಹೊತ್ತು ಮಾತ್ರ ಸಂಪರ್ಕ ಬದಲಾಯಿಸಿ ಬಿಟ್ಟೊಡನೆ ಹಿಂದಿನ ಸ್ಥಿತಿಗೆ ಮರಳುವುದು ಮೊಮೆಂಟರಿ ಸ್ವಿಚ್ಚು. ಮನೆಯ ದೀಪದ ಸ್ವಿಚ್ಚಿನ ಹಾಗೆ ಒಮ್ಮೆ ಒತ್ತಿದರೆ ಹತ್ತಿಯೇ ಇದ್ದು, ಮತ್ತೆ ಒತ್ತಿದಾಗ ಆರುವುದು ಲ್ಯಾಚಿಂಗ್ ಸ್ವಿಚ್ಚು. ಬಾಸ್ ಸಂಸ್ಥೆಯ ಎಫ್‌ಎಸ್-5ಯು ಮೊದಲ ಬಗೆಯದು, ನೋಡಲು ಅದರ ಅವಳಿಯಂತಿರುವ ಎಫ್‌ಎಸ್-5ಎಲ್ ಎರಡನೆಯ ಬಗೆಯದು. ಟ್ಯಾಪ್ ಟೆಂಪೋಗೆ ಬೇಕಾದದ್ದು ಮೊಮೆಂಟರಿ. ಸಂಪರ್ಕ ಕೂಡಿದ ಗಳಿಗೆಯನ್ನು ಎಣಿಸುವ ಪೆಡಲಿಗೆ ಲ್ಯಾಚಿಂಗ್ ಸ್ವಿಚ್ಚು ಜೋಡಿಸಿದರೆ ಒಂದು ತಟ್ಟು ಎಣಿಕೆಗೆ ಬಂದು ಮುಂದಿನದು ಬಿಟ್ಟುಹೋಗುವುದರಿಂದ, ವಿಳಂಬ ಬೇಕಾದುದರ ಎರಡರಷ್ಟಾಗುತ್ತದೆ. ಎರಡನೆಯ ಗುಣ ಪೊಲಾರಿಟಿ, ಅಂದರೆ ಕಾಲಿಡದಿದ್ದಾಗ ಸಂಪರ್ಕ ತೆರೆದಿರುತ್ತದೆಯೋ ಮುಚ್ಚಿರುತ್ತದೆಯೋ ಎಂಬುದು. ಇದು ತಿರುವುಮುರುವಾದರೆ ಕಾಲೊತ್ತಿದಾಗ ಆಗಬೇಕಾದ ಕೆಲಸ ಕಾಲೆತ್ತಿದಾಗ ಆಗುತ್ತದೆ. ಎಫ್‌ಎಸ್-5ಯು ಮೇಲೆ ಪೊಲಾರಿಟಿ ಬದಲಿಸುವ ಪುಟ್ಟ ಸ್ವಿಚ್ಚು ಇರುವುದು ಬೇರೆ ಬೇರೆ ಉಪಕರಣಗಳ ಅಪೇಕ್ಷೆ ಬೇರೆ ಬೇರೆ ಇರುವುದರಿಂದ.

ಅದೇ ಜ್ಯಾಕಿಗೆ ಎಕ್ಸ್‌ಪ್ರೆಷನ್ ಪೆಡಲನ್ನೂ ಜೋಡಿಸಬಹುದು. ಕಾರಿನ ಆಕ್ಸಿಲರೇಟರಿನಂತೆ ಹಿಮ್ಮಡಿಗೂ ಬೆರಳಿಗೂ ವಾಲುವ ಈ ಸಾಧನದೊಳಗೆ ಇರುವುದು ಒಂದು ಪೊಟೆನ್ಷಿಯೋಮೀಟರ್, ಎಂದರೆ ತಿರುಗಿಸಿದಂತೆಲ್ಲ ರೋಧ ಬದಲಾಗುವ ಅಂಗ. ಡಿಲೇ ಪೆಡಲ್ ಒಂದು ಸಣ್ಣ ವೋಲ್ಟೇಜನ್ನು ಅದಕ್ಕೆ ಕಳಿಸಿ, ಮರಳಿ ಬರುವ ವೋಲ್ಟೇಜಿನಿಂದ ಪಾದ ಯಾವ ಸ್ಥಾನದಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. ಹೀಗೆ ಕಳಿಸಲು, ಪಡೆಯಲು, ನೆಲಸಂಪರ್ಕಕ್ಕೆ ಒಟ್ಟು ಮೂರು ತಂತಿ ಬೇಕಾದ್ದರಿಂದ ಅದರ ಪ್ಲಗ್ಗಿನಲ್ಲಿ ಎರಡು ಕಪ್ಪು ಪಟ್ಟಿಗಳು ಮೂರು ಲೋಹಭಾಗಗಳನ್ನು ಬೇರ್ಪಡಿಸಿರುತ್ತವೆ: ತುದಿ, ಉಂಗುರ, ತೋಳು. ಗಿಟಾರ್ ಕೇಬಲಿನ ಪ್ಲಗ್ಗಿನಲ್ಲಿ ಒಂದೇ ಪಟ್ಟಿ, ತುದಿ ಮತ್ತು ತೋಳು ಮಾತ್ರ. ಎರಡೂ ಒಂದೇ ರಂಧ್ರದಲ್ಲಿ ಸಲೀಸಾಗಿ ಕೂರುತ್ತವೆ ಎಂಬುದೇ ತೊಡಕು. ಎಕ್ಸ್‌ಪ್ರೆಷನ್ ಪೆಡಲಿಗೆ ಗಿಟಾರ್ ಕೇಬಲ್ ಹಾಕಿದರೆ ಉಂಗುರದ ಸಂಪರ್ಕ ತೋಳಿಗೆ ತಗುಲಿ ವೋಲ್ಟೇಜ್ ನೆಲಕಚ್ಚುತ್ತದೆ, ಪಾದದ ಚಲನೆ ಪೆಡಲಿಗೆ ತಿಳಿಯುವುದೇ ಇಲ್ಲ. ಇದರ ಜೊತೆಗೆ, ಬದಲಾಗುವ ವೋಲ್ಟೇಜನ್ನು ತುದಿಯಲ್ಲಿ ಕಳಿಸುವ ತಯಾರಕರೂ ಉಂಗುರದಲ್ಲಿ ಕಳಿಸುವ ತಯಾರಕರೂ ಇದ್ದಾರೆ. ಆದಕಾರಣ ಡಿಲೇ ಪೆಡಲಿನ ಕೈಪಿಡಿ ಯಾವ ಎಕ್ಸ್‌ಪ್ರೆಷನ್ ಪೆಡಲನ್ನು ಹೆಸರಿಸುತ್ತದೋ, ಡಿಡಿ-7ರ ಮಟ್ಟಿಗೆ ರೋಲಂಡ್ ಇವಿ-5, ಅದನ್ನೇ ಕೊಳ್ಳುವುದು ಕ್ಷೇಮ.

ಎಕ್ಸ್‌ಪ್ರೆಷನ್ ಪೆಡಲನ್ನೂ ವಾಲ್ಯೂಮ್ ಪೆಡಲನ್ನೂ ಒಂದೇ ಎಂದುಕೊಳ್ಳುವ ತಪ್ಪು ಬಹಳ ಸಾಮಾನ್ಯ. ಹೊರರೂಪ ಒಂದೇ ಆದರೂ ವಾಲ್ಯೂಮ್ ಪೆಡಲಿನ ಮೂಲಕ ಗಿಟಾರಿನ ಧ್ವನಿಯೇ ಹಾದುಹೋಗುತ್ತದೆ, ಎಕ್ಸ್‌ಪ್ರೆಷನ್ ಪೆಡಲಿನ ಮೂಲಕ ಆಜ್ಞೆ ಮಾತ್ರ. ಡಿಲೇಯ ಮೊದಲು ವಾಲ್ಯೂಮ್ ಪೆಡಲ್ ಇಟ್ಟು ಧ್ವನಿ ತಗ್ಗಿಸಿದರೆ, ಅದಾಗಲೇ ಒಳಹೋದ ಸ್ವರದ ಮಾರ್ದನಿಗಳು ನಿಲ್ಲದೆ ಕೇಳುತ್ತಿರುತ್ತವೆ. ನಂತರ ಇಟ್ಟರೆ ಮಾರ್ದನಿಯೂ ಜೊತೆಗೇ ತಗ್ಗುತ್ತದೆ. ಎರಡಕ್ಕೂ ಸಂಗೀತದಲ್ಲಿ ಸ್ಥಾನವಿದೆ, ಆದರೆ ಮೊದಲನೆಯದರಲ್ಲಿ ಸಿಗುವ ತೇಲುವ ನಾದ ಡಿಲೇ ಪೆಡಲಿನ ಅತ್ಯುತ್ತಮ ಉಪಯೋಗಗಳಲ್ಲಿ ಒಂದು.

ಎಕ್ಸ್‌ಪ್ರೆಷನ್ ಪೆಡಲಿನಿಂದ ಯಾವುದನ್ನು ನಡೆಸುವುದು ಒಳ್ಳೆಯದು ಎಂಬ ವಿಷಯದಲ್ಲಿ ಅಭಿಪ್ರಾಯ ಭೇದಗಳಿವೆ. ಮಾರ್ದನಿಯ ಜೋರನ್ನು ಅದಕ್ಕೆ ಒಪ್ಪಿಸುವುದು ಎಲ್ಲಕ್ಕಿಂತ ಸುರಕ್ಷಿತ, ಎಲ್ಲಕ್ಕಿಂತ ಉಪಯುಕ್ತ: ಪದ್ಯದ ಸಾಲುಗಳಲ್ಲಿ ಮಾರ್ದನಿ ಹಿಂದೆ ಸರಿದು, ವಾದನದ ಭಾಗದಲ್ಲಿ ಮುಂದೆ ಬರುವಂತೆ ಪಾದವೇ ನೋಡಿಕೊಳ್ಳುತ್ತದೆ. ಫೀಡ್‌ಬ್ಯಾಕನ್ನು ಒಪ್ಪಿಸಿದರೆ ಅದು ಒಂದು ಎಲ್ಲೆಯನ್ನು ದಾಟಿದಾಗ ಪ್ರತಿ ಮಾರ್ದನಿಯೂ ಹಿಂದಿನದಕ್ಕಿಂತ ಜೋರಾಗಿ ಬೆಳೆಯುತ್ತ, ತಡೆಯದಿದ್ದರೆ ಸ್ಪೀಕರನ್ನೇ ಘಾಸಿಗೊಳಿಸುವಷ್ಟು ಆರ್ಭಟಿಸುತ್ತದೆ. ಕನಿಷ್ಠ ಗರಿಷ್ಠ ಮಿತಿಗಳನ್ನು ಮೊದಲೇ ಗೊತ್ತುಮಾಡುವ ಸೌಲಭ್ಯ ಇರುವ ಪೆಡಲುಗಳಲ್ಲಿ ಮಾತ್ರ ಅದನ್ನು ಮಾಡುವುದು ಜಾಣತನ. ವಿಳಂಬದ ಅವಧಿಯನ್ನು ಪಾದದಿಂದ ಬದಲಿಸಿದರೆ ಟೇಪ್ ಮತ್ತು ಬಕೆಟ್ ಬ್ರಿಗೇಡ್ ಬಗೆಯ ಡಿಲೇಗಳಲ್ಲಿ ಮಾರ್ದನಿಯ ಶ್ರುತಿಯೇ ಏರಿಳಿಯುತ್ತದೆ. ವಿಶೇಷ ಪರಿಣಾಮಕ್ಕಲ್ಲದೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ದೊಡ್ಡ ಪೆಡಲುಗಳಲ್ಲಿ, ಸ್ಟ್ರೈಮನ್ ಟೈಮ್‌ಲೈನ್, ಬಾಸ್ ಡಿಡಿ-500 ಮೊದಲಾದವುಗಳಲ್ಲಿ, ಇವೆಲ್ಲದರ ಜೊತೆಗೆ ಮಿಡಿ ಎಂಬ ಜ್ಯಾಕೂ ಇರುತ್ತದೆ. ಬೇರೆ ಬೇರೆ ಸಂಸ್ಥೆಗಳ ವಿದ್ಯುನ್ಮಾನ ವಾದ್ಯಗಳು ಪರಸ್ಪರ ಮಾತಾಡಿಕೊಳ್ಳಲೆಂದು, ರೋಲಂಡ್ ಸಂಸ್ಥಾಪಕ ಇಕುತಾರೊ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಮುಂದಾಳತ್ವದಲ್ಲಿ 1983ರಲ್ಲಿ ಜಾರಿಗೆ ಬಂದ ಸಾಮಾನ್ಯ ಭಾಷೆ ಇದು. ಇದರ ಕೇಬಲಿನಲ್ಲಿ ಧ್ವನಿಯ ಲವಲೇಶವೂ ಇರುವುದಿಲ್ಲ, ಇರುವುದು ಅಂಕೆಗಳು ಮಾತ್ರ: 128 ಸಿದ್ಧ ಜೋಡಣೆಗಳಲ್ಲಿ ಯಾವುದನ್ನು ಕರೆಯಬೇಕು, ಯಾವ ಗುಂಡಿ ಎಷ್ಟು ತಿರುಗಬೇಕು, ಲಯ ಎಷ್ಟು ಎಂಬ ಆಜ್ಞೆಗಳು. ಲಯಕ್ಕಾಗಿ ಪ್ರತಿ ಬೀಟಿಗೆ 24 ಮಿಡಿತಗಳು ಹರಿಯುವುದರಿಂದ ಡ್ರಮ್ ಯಂತ್ರವೋ ಕೀಬೋರ್ಡೋ ನಡೆಸುವ ಹಾಡಿಗೆ ಡಿಲೇ ತಾನಾಗಿ ಹೊಂದಿಕೊಳ್ಳುತ್ತದೆ. ಐದು ಪಿನ್ನಿನ ದುಂಡು ಪ್ಲಗ್ ಇದರ ಹಳೆಯ ರೂಪ. ಚಿಕ್ಕ ಪೆಡಲುಗಳಲ್ಲಿ ಬಳಕೆಗೆ ಬಂದ ಸಣ್ಣ ಜ್ಯಾಕಿಗೂ ಮಿಡಿ ಒಕ್ಕೂಟ 2018ರಲ್ಲಿ ಒಂದು ಮಾನಕವನ್ನು ಗೊತ್ತುಮಾಡಿತು. ಒಂದೇ ಒತ್ತಿಗೆ ಹಲವು ಪೆಡಲುಗಳ ಸ್ಥಿತಿಯನ್ನು ಬದಲಿಸಬೇಕಾದ ವೃತ್ತಿಪರ ತಂಡಗಳಿಗೆ ಇದು ಅನಿವಾರ್ಯ, ಉಳಿದವರಿಗೆ ಅಗತ್ಯವಿಲ್ಲ.

ಉಳಿದದ್ದು ಶಕ್ತಿ. ಹೆಚ್ಚಿನ ಪೆಡಲುಗಳು 9 ವೋಲ್ಟ್ ನೇರ ವಿದ್ಯುತ್ತಿನಿಂದ, ಒಳಪಿನ್ನು ಋಣ ಆಗಿರುವ ಅಡಾಪ್ಟರಿನಿಂದ ನಡೆಯುತ್ತವೆ. ಹೊರಗಿನಿಂದ ಹಾಗೆಯೇ ಕಾಣುವ, ಒಳಪಿನ್ನು ಧನ ಆಗಿರುವ ಅಡಾಪ್ಟರನ್ನು ಚುಚ್ಚಿದರೆ ಪೆಡಲ್ ಹಾಳಾಗಬಹುದು. ಟೈಮ್‌ಲೈನಿನಂಥ ಪೆಡಲಿಗೆ ಕನಿಷ್ಠ 300 ಮಿಲಿ ಆಂಪಿಯರ್ ಬೇಕಾದ್ದರಿಂದ ಸಾಮಾನ್ಯ ಪೆಡಲಿನ ಅಡಾಪ್ಟರ್ ಅದಕ್ಕೆ ಸಾಲದು. ಅಮೆರಿಕದಿಂದ ಬಂಧುಗಳು ತಂದುಕೊಡುವ ಪೆಡಲಿನ ಜೊತೆಗಿರುವ ಅಡಾಪ್ಟರ್ 120 ವೋಲ್ಟಿಗೆ ಮಾತ್ರ ತಯಾರಾದದ್ದಾದರೆ ನಮ್ಮ 230 ವೋಲ್ಟಿನಲ್ಲಿ ಸುಟ್ಟುಹೋಗುತ್ತದೆ. ಅದರ ಮೇಲಿನ ಬರಹವನ್ನು ಓದದೆ ಗೋಡೆಗೆ ಚುಚ್ಚಬಾರದು.

ಸ್ಟೀರಿಯೋ ಜೋಡಣೆಯಲ್ಲಿ ಎರಡು ಆಂಪುಗಳಿಗೆ ಕೇಬಲ್ ಹೋದಾಗ ಸ್ಪೀಕರಿನಲ್ಲಿ ತಗ್ಗು ಶ್ರುತಿಯ ಗುಂಯ್‌ಗುಡುವಿಕೆ ಏಳುವುದು ಸಾಮಾನ್ಯ. ಎರಡು ಆಂಪುಗಳೂ ಮುಖ್ಯ ವಿದ್ಯುತ್ತಿನ ಅರ್ಥಿಂಗ್ ಮೂಲಕ ಒಂದು ಕಡೆ, ಪೆಡಲಿನ ಕೇಬಲುಗಳ ಮೂಲಕ ಇನ್ನೊಂದು ಕಡೆ ಜೋಡಣೆಗೊಂಡು ಒಂದು ವರ್ತುಲವಾಗುವುದೂ, ಅದರಲ್ಲಿ 50 ಹರ್ಟ್ಸ್ ವಿದ್ಯುತ್ತಿನ ಕಂಪನ ಸೇರುವುದೂ ಇದರ ಕಾರಣ; ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ಎರಡೂ ಆಂಪುಗಳಿಗೆ ಒಂದೇ ಸಾಕೆಟ್ಟಿನಿಂದ ವಿದ್ಯುತ್ ಕೊಡುವುದು ಮೊದಲ ಉಪಾಯ, ಒಂದು ಔಟ್‌ಪುಟ್ಟಿನ ದಾರಿಯಲ್ಲಿ ಧ್ವನಿಯನ್ನು ಬಿಟ್ಟು ನೆಲಸಂಪರ್ಕವನ್ನು ತಡೆಯುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಡುವುದು ಖಚಿತ ಉಪಾಯ. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತು ಸದ್ದಡಗಿಸುವುದು ಮಾತ್ರ ಎಂದಿಗೂ ಕೂಡದು. ಗಿಟಾರಿನ ಲೋಹದ ತಂತಿಗಳು ಕೇಬಲ್ ಮತ್ತು ಪೆಡಲಿನ ಮೂಲಕ ಆಂಪಿನ ನೆಲಸಂಪರ್ಕಕ್ಕೆ ಜೋಡಣೆಗೊಂಡಿರುತ್ತವೆ. ಆ ದಾರಿ ಕಡಿದುಹೋಗಿ ಯಾವುದೇ ಒಂದು ಉಪಕರಣದಲ್ಲಿ ದೋಷ ಕಾಣಿಸಿಕೊಂಡರೆ, ತಂತಿಯ ಮೇಲೆ ಬೆರಳಿಟ್ಟು ಮೈಕಿಗೆ ತುಟಿ ತಾಗಿಸಿದವರ ದೇಹವೇ ವಿದ್ಯುತ್ತಿಗೆ ದಾರಿಯಾಗುತ್ತದೆ. ಬ್ರಿಟನ್ನಿನ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ಸ್ವಾನ್ಸಿ ನಗರದ ವೇದಿಕೆಯ ಮೇಲೆ, ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ಪ್ರಾಣ ಕಳೆದುಕೊಂಡ. ಗಣೇಶೋತ್ಸವ, ರಾಜ್ಯೋತ್ಸವದ ತಾತ್ಕಾಲಿಕ ವೇದಿಕೆಗಳಲ್ಲಿ, ಜನರೇಟರಿನಿಂದಲೋ ಪಕ್ಕದ ಕಂಬದಿಂದಲೋ ಎಳೆದ ವಿದ್ಯುತ್ತಿನಲ್ಲಿ ನುಡಿಸುವ ನಮ್ಮ ಆರ್ಕೆಸ್ಟ್ರಾ ಕಲಾವಿದರು ಪೆಡಲುಗಳ ಕೇಬಲ್ ಜೋಡಿಸುವ ಮೊದಲು, ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಲೇಬೇಕು, ಅದಾಗದ ಹೊರತು ಆಂಪಿನ ಸ್ವಿಚ್ಚು ಹಾಕಬಾರದು.